ಮ್ಯಾಲಿನ ಮನಿ ಸರ್ ಪ್ರತಿ ಗುರುವಾರ ಫೋನಿನಾಗ ಹತ್ತರ ತನಕ ಎಣಿಸ್ತಾರ, ಯಾಕ?

ತೊಗರಿ_ಕಣಜ (ಕಲಬುರಗಿ)

ಎಲ್ಲಾರಿಗೂ ನಮಸ್ಕಾರ್ರಿ. ವಿಷಯ ಸ್ವಲ್ಪ ಬ್ಯಾರೆ ಅದ, ಗೊತ್ತಿದ್ದವ್ರು ಹೇಳ್ರಿ, ನಗಬ್ಯಾಡ್ರಿ.

ನಮ್ಮನಿ ಜೇವರ್ಗಿ ರೋಡ್ ಕಡಿ. ಮ್ಯಾಲಿನ ಪೋರ್ಷನ್ ಹೋದ ವರ್ಷ ಬಾಡಿಗಿ ಕೊಟ್ಟೀವಿ, ಗಂಡ ಹೆಂಡ್ತಿ ಇಬ್ರೇ, ಸರ್ ಬ್ಯಾಂಕಿನಾಗ ಅದಾರ, ಟ್ರಾನ್ಸ್‌ಫರ್ ಆಗಿ ಠಾಣೆದಿಂದ ಬಂದವ್ರು. ಮರಾಠಿ ಮಾತಾಡ್ತಾರ, ಅಡ್ಡೆಸರು ಕೊನಿಗಿ "ಕರ್" ಅದ, ಅಕ್ಕಾರು ಸೀರಿ ಉಡ್ತಾರ, ಹಂಗಾಗಿ ಕೊಂಕಣದ ಮರಾಠ್ಯಾರ ಅಂತ ನಾವೇ ತಿಳ್ಕೊಂಡು ಕುಂತಿದ್ವಿ. ಬಾಗಿಲ ಚೌಕಟ್ಟಿಗಿ ಬಲಗಡಿ ಬೆರಳುದ್ದದ ಡಬ್ಬಿ ಒಂದು ಓರೆ ಬಡದಾರ, ಒಳಗ ಹೋಗುವಾಗ ಮುಟ್ಟಿ ಬೆರಳಿಗಿ ಮುತ್ತು ಕೊಡ್ತಾರ. ನಮ್ಮವ್ವ ಅದು ಯಾವುದೋ ದರ್ಗಾದ ತಾಯತ ಅಂದಿದ್ಲು.

ಒಂದು ಶನಿವಾರ ಮುಂಜಾನಿ ನಳ ಬಂತು. ನಮ್ಮ ಕಡಿ ನಳ ಬರೋದಂದ್ರ ಏನು ಅಂತ ನಿಮಗ ಗೊತ್ತೇ ಅದ, ಬಿಟ್ರ ಮತ್ತ ಯಾವಾಗೋ ದೇವ್ರಿಗೇ ಗೊತ್ತು. ನಾ ಅಂಗಡಿಗಿ ಹೋಗಿದ್ದೆ, ಮೋಟರ್ ಬಟನ್ ಮ್ಯಾಲಿನ ಜೀನಾದ ಹತ್ರ ಅದ, ಸರ್‌ಗೆ ಹತ್ತು ಸಲ ಫೋನ್ ಮಾಡ್ದೆ, ಎತ್ತಲಿಲ್ಲ. ಅವ್ವ ಮ್ಯಾಲ ಹೋಗಿ ಬಟನ್ ಒತ್ರಿ ಅಂದ್ರ ಅಕ್ಕಾರು ನಕ್ಕೊಂತ "ಆಜ್ ನಾಹೀ ಆಜಿ" ಅಂದಾರ. ನಂಗ ತಲಿ ಕೆಟ್ಟು ಸಂಜಿಗಿ ಜೋರು ಮಾತಾಡೇಬಿಟ್ಟೆ. ಆವಾಗ ಸರ್ ಕೂಡಿಸ್ಕೊಂಡು ಹೇಳಿದ್ರು, ನಾವು ಬೆನೆ ಇಸ್ರೇಲ್, ಯೆಹೂದಿ ಮಂದಿ, ಶನಿವಾರ ನಮಗ ಸಬ್ಬತ್, ಅಂದ್ರ ವಿಶ್ರಾಂತಿ ದಿನ, ಕರೆಂಟ್ ಬಟನ್ ಒತ್ತಂಗಿಲ್ಲ, ಫೋನ್ ಹಿಡಿಯಂಗಿಲ್ಲ ಅಂತ. ನಂಗ ನಾಚಿಕಿ ಆತು ಖರೇ.

ಈಗ ಕೇಳಬೇಕಾಗಿದ್ದು ಇದು. ಪ್ರತಿ ಗುರುವಾರ ಸಂಜಿಗಿ ಸರ್ ಮಾಳಿಗಿ ಮ್ಯಾಲ ಅಡ್ಡಾಡ್ಕೊಂತ ಒಬ್ಬರಾದ ಮ್ಯಾಲ ಒಬ್ಬರಿಗಿ ಫೋನ್ ಹಚ್ತಾರ. "ಸಾತ್ ಝಾಲೆ", "ಆಠ್ ಝಾಲೆ" (ಏಳಾದ್ವು, ಎಂಟಾದ್ವು) ಅಂತ ಎಣಿಸ್ತಾರ. ಒಂದೊಂದು ಗುರುವಾರ ಬ್ಯಾಗ್ ತುಂಬಿ ಜೀನಾದ ಹತ್ರ ಇಟ್ಟಿರ್ತಾರ, ಎಣಿಕಿ ಹತ್ತು ಮುಟ್ಟಿದ್ರ ರಾತ್ರಿ ಮುಂಬೈ ಗಾಡಿಗಿ ಹೋಗ್ತಾರ, ಮುಟ್ಟಲಿಲ್ಲಂದ್ರ ಬ್ಯಾಗ್ ಮತ್ತ ಒಳಗ. ಚೀಟಿ ವ್ಯವಹಾರ ಏನರೆ ಅದ ಏನು ಅಂತ ನಮ್ಮವ್ವಗ ಡೌಟು. ಕದ್ದು ಕೇಳಿದಂಗ ಆಗ್ತದಂತ ಅವ್ರನ್ನೇ ಕೇಳ್ಲಾಕ ನಂಗ ಮನಸಾಗವಲ್ದು.

ಇನ್ನೊಂದು. ಅವ್ರ ತಂದಿ ತೀರ್ಕೊಂಡು ವರ್ಷ ಆಗ್ಲಕ್ಕ ಬಂತಂತ, ಅಲಿಬಾಗ್ ಕಡಿ ಅವ್ರ ಹಳ್ಳಿ ಸಿನಗಾಗ್‌ನಾಗ (ಅವ್ರ ಪ್ರಾರ್ಥನಾ ಮಂದಿರ) ಶನಿವಾರ ಪ್ರಾರ್ಥನಾ, ಆಯ್ತಾರ ಮಲೀದಾ ಅಂತ ಏನೋ ಅದ, ನೀವು ಅವ್ವನ್ನ ಕರ್ಕೊಂಡು ಬರ್ರಿ ಅಂದಾರ. ಅಲ್ಲಿ ವಾರ ಪೂರ್ತಿ ಏನ್ ನಡೀತದ, ನಾವು ಹೆಂಗ ಇರಬೇಕು, ಏನ್ ತಗೊಂಡು ಹೋಗಬೇಕು? ಅವ್ವ ಈಗ್ಲೇ ಹೋಳಿಗಿ ಮಾಡ್ತೀನಂತ ಕುಂತಾಳ.

ಆಳಂದ_ಟು_ಠಾಣೆ

ತಮ್ಮಾ, ಚೀಟಿ ಅಲ್ಲೋ ಮಾರಾಯ 😄 ಮಂದಿ ಕೂಡಿಸ್ಲತ್ತಾರ.

ನಾ 18 ವರ್ಷದಿಂದ ಠಾಣೆದಾಗ ಇದ್ದೀನಿ, ಟೆಂಭಿ ನಾಕಾ ಕಡಿ ಅವ್ರದು ಹಳೀ ಸಿನಗಾಗ್ ಅದ, 1879ರದ್ದು, ಶಾರ್ ಹಶಮಾಯಿಮ್ ಅಂತ ಹೆಸರು, ಸ್ವರ್ಗದ ಬಾಗಿಲು ಅಂತ ಅರ್ಥ ಅಂತ. ನಮ್ಮ ಬಿಲ್ಡಿಂಗ್‌ನಾಗೂ ಆ ಮಂದಿ ಅದಾರ. ಅವ್ರ ಪದ್ಧತಿ ಏನಂದ್ರ 13 ವರ್ಷ ದಾಟಿದ ಗಂಡಸರು ಹತ್ತು ಮಂದಿ ಕೂಡಿದ್ರನ ಪೂರ್ತಿ ಪ್ರಾರ್ಥನಾ, ಅದಕ್ಕ ಮಿನ್ಯಾನ್ ಅಂತಾರ. ಒಂಬತ್ತು ಮಂದಿ ಇದ್ರ ತಮ್ಮ ತಮ್ಮ ಪಾಡಿಗಿ ಓದ್ಕೊಬಹುದು, ಆದ್ರ ಪೆಟ್ಟಿಗಿಯಿಂದ ತೋರಾ (ಅವ್ರ ಧರ್ಮಗ್ರಂಥ) ಸುರುಳಿ ತಗದು ಓದಂಗಿಲ್ಲ, ಸತ್ತವ್ರ ಸಲುವಾಗಿ ಮಕ್ಕಳು ಹೇಳೋ ಕದ್ದೀಶ್ ಹೇಳಂಗಿಲ್ಲ. ನಿಮ್ಮ ಸರ್‌ಗೆ ತಂದಿ ಹೋಗ್ಯಾರ ಅಂದ್ರ ಅದಕ್ಕೇ ಒದ್ದಾಡ್ಲತ್ತಾರ. ಠಾಣೆದಾಗ ಮಂದಿ ಅದಾರ, ಹತ್ತು ಸಿಗೋದು ಕಷ್ಟಿಲ್ಲ. ಹಳ್ಳಿದಾಗ ಎಲ್ಲಿ ಸಿಗ್ತಾರ, ಹೆಚ್ಚಿನವ್ರು ಮುಂಬೈ, ಠಾಣೆ, ಇಲ್ಲಂದ್ರ ಇಸ್ರೇಲ್ ಸೇರ್ಕೊಂಡಾರ. ದೇಶದಾಗ ಎಲ್ಲಾ ಕೂಡಿ ನಾಕೈದು ಸಾವಿರ ಉಳಿದಿರಬೇಕು.

ವಾರದ ಲೆಕ್ಕ ಅಂದ್ರ ದಿನಕ್ಕ ಮೂರು ಹೊತ್ತು ಪ್ರಾರ್ಥನಾ ಇರ್ತದ, ಮುಂಜಾನಿ, ಮಧ್ಯಾಹ್ನ ಇಳಿದ ಮ್ಯಾಲ, ರಾತ್ರಿ. ಸಣ್ಣ ಊರಾಗ ಅದು ಮನಿಯೊಳಗೇ. ಮೇನ್ ಅಂದ್ರ ಶುಕ್ರವಾರ ಸಂಜಿ ಮತ್ತ ಶನಿವಾರ ಮುಂಜಾನಿ. ಸೋಮವಾರ ಗುರುವಾರನೂ ತೋರಾ ಓದೋದು ಅದ, ಯಾಕಂತ ಕೇಳಿದ್ರ ನಮ್ಮ ಬಿಲ್ಡಿಂಗಿನ ಅಜ್ಜಾರು ಹೇಳಿದ್ರು, ಹಳೀ ಕಾಲದಾಗ ಅವೆರಡೂ ಸಂತಿ ದಿನ ಇದ್ವಂತ, ಹಳ್ಳಿ ಮಂದಿ ಸಂತಿಗಿ ಬಂದಾಗ ಕೇಳ್ಕೊಂಡು ಹೋಗ್ಲಿ ಅಂತ ಮಾಡ್ಯಾರಂತ. ನಂಗ ಇದು ಭಾಳ ಪಸಂದ್ ಬಿತ್ತು, ನಮ್ಮ ಆಳಂದ ಸಂತಿ ನೆನಪಾತು.

ಮತ್ತ ಇವ್ರು ಕೊಂಕಣದಾಗ ಎಣ್ಣಿ ತಗಿಯೋ ಮಂದಿ ಇದ್ರು. ಶನಿವಾರ ಗಾಣ ಹೊಡೀತಿದ್ದಿಲ್ಲ, ಅದಕ್ಕೇ ಊರ ಮಂದಿ "ಶನಿವಾರ್ ತೇಲಿ" ಅಂತ ಕರೀತಿದ್ರು. ಹಡಗು ಒಡದು ನವಗಾಂವ್ ದಂಡಿಗಿ ಏಳು ಗಂಡಸರು ಏಳು ಹೆಂಗಸರು ಉಳಿದು ಬಂದ್ರು ಅಂತ ಅವ್ರ ಕಥಿ. ಊರ ಹೆಸರಿಗಿ ಕರ್ ಹಚ್ಚಿ ಅಡ್ಡೆಸರು ಮಾಡ್ಕೊಂಡಾರ, ನಿಮಗ ಮೋಸ ಆಗಿದ್ದು ಅಲ್ಲೇ.

ಶಹಾಪುರ_ಒಕ್ಕಲಿಗ

ಶನಿವಾರ ಗಾಣ ನಿಲ್ಲಿಸ್ತಿದ್ರು ಅಂದ್ರ ಎತ್ತಿಗೂ ರಜಾ ಅಂದಂಗಾತು. ನಮ್ಮಲ್ಲಿ ಸೋಮವಾರ ಎತ್ತು ಹೂಡಂಗಿಲ್ಲ, ಬಸವಣ್ಣಗ ಕೊಳ್ಳು ಕಟ್ಟಬಾರ್ದು ಅಂತ ನಮ್ಮ ಮುತ್ಯಾ ಎಂಥಾ ಹದ ಇದ್ರೂ ಬಿತ್ತಲಾಕ ಬಿಡ್ತಿದ್ದಿಲ್ಲ. ಈಗ ಟ್ರ್ಯಾಕ್ಟರ್ ಬಂದದ, ಸೋಮವಾರನೂ ಇಲ್ಲ ಶನಿವಾರನೂ ಇಲ್ಲ.

ಬೀದರ್_ಕ್ವಾಯರ್

ಶಹಾಪುರದವ್ರೇ ನೀವು ಹೇಳಿದ್ದು ಬೈಬಲ್‌ನಾಗೇ ಅದ ನೋಡ್ರಿ, ಧರ್ಮೋಪದೇಶಕಾಂಡ 5ನೇ ಅಧ್ಯಾಯ, ಏಳನೇ ದಿನ ನೀನಷ್ಟೇ ಅಲ್ಲ, ಆಳು, ಎತ್ತು, ಕತ್ತೆ ಎಲ್ಲಾಕೂ ವಿಶ್ರಾಂತಿ ಅಂತ. ನಾವು ಕ್ರೈಸ್ತರು ಆದಿತ್ಯವಾರ ಮಾಡ್ತೀವಿ, ಅವ್ರು ಮೊದಲಿನ ಶನಿವಾರನೇ ಹಿಡ್ಕೊಂಡಾರ.

ಸಿನಗಾಗ್ ಅಂದ್ರ ನಮ್ಮ ಚರ್ಚ್ ಇದ್ದಂಗೇ, ಪಾಸ್ಟರ್ ಬದಲಿ ರಬ್ಬಿ ಇರ್ತಾರ, ಅವ್ರು ಪ್ರಸಂಗ ಮಾಡ್ತಾರ, ಹಾಡು ಇರ್ತದ, ಕಾಣಿಕಿ ತಟ್ಟೆ ಬರ್ತದ. ನಾ ಕೊಚ್ಚಿ ಟೂರ್ ಹೋದಾಗ ಅಲ್ಲಿ ಪರದೇಸಿ ಸಿನಗಾಗ್ ನೋಡ್ಬೇಕಂತ ಹೋಗಿದ್ದೆ, 1568ರಾಗ ಕಟ್ಟಿದ್ದು, ನೆಲಕ್ಕ ಚೀನಾದ ನೀಲಿ ಹಂಚು ಹಾಸ್ಯಾರ, ಒಂದೊಂದು ಹಂಚಿನ ಚಿತ್ರ ಕೈಯಿಂದ ಬರದದ್ದು. ಆದ್ರ ನಾ ಹೋಗಿದ್ದು ಶನಿವಾರ, ಬಾಗ್ಲಾ ಹಾಕಿತ್ತು. ಅಷ್ಟು ದೂರ ಹೋಗಿ ಗಡಿಯಾರದ ಗೋಪುರ ನೋಡಿ, ಬೀದ್ಯಾಗ ನಿಂಬು ಸೋಡಾ ಕುಡ್ದು ಬಂದೆ. ಮರುದಿನ ಹೋಗಿ ನೋಡ್ದೆ ಅನ್ನಿ.

ವಾಡಿ_ಜಂಕ್ಷನ್

ಈ ಥ್ರೆಡ್ ನನ್ನ ಗೆಳತಿ ಕಳಿಸಿದ್ಲು, ಓದಿ ಸುಮ್ನಿರಾಕ ಆಗ್ಲಿಲ್ಲ. ನಾನು ಅದೇ ಸಮಾಜದಾಕಿ. ಹುಟ್ಟಿದ್ದು ಬೆಳದಿದ್ದು ವಾಡಿ ರೈಲ್ವೆ ಕ್ವಾರ್ಟರ್ಸ್‌ನಾಗ, ಅಪ್ಪ ರೈಲ್ವೆದಾಗಿದ್ರು. ಈಗ ಬೆಂಗಳೂರಾಗ ಇದ್ದೀನಿ, ಹಂಗಾಗಿ ನನ್ನ ಕನ್ನಡ ಎರಡೂ ಕಡೆದು ಕಲಸಿ ಹೋಗಿದೆ, ಅಡ್ಜಸ್ಟ್ ಮಾಡ್ಕೊಳ್ರಿ.

ಮೊದಲು ಬೀದರ್‌ನವ್ರಿಗೆ ಒಂದು ಮಾತು. ಪಾಸ್ಟರ್ ಇದ್ದಂಗೆ ರಬ್ಬಿ ಇರ್ಲೇಬೇಕು ಅಂತ ಏನಿಲ್ಲ. ನಮ್ಮ ಬೆನೆ ಇಸ್ರೇಲ್ ಸಿನಗಾಗ್‌ಗಳಲ್ಲಿ ಬಹಳ ಕಡೆ ಹಜ್ಜಾನ್ ಅಂತ ಇರ್ತಾರೆ, ರಾಗವಾಗಿ ಪ್ರಾರ್ಥನೆ ನಡೆಸೋರು, ಅವ್ರೂ ಇಲ್ದಿದ್ರೆ ಓದಕ್ಕೆ ಬರೋ ಯಾರಾದ್ರೂ ನಿಲ್ಲಬಹುದು, ಗುಮಾಸ್ತ ಆಗ್ಲಿ ಮೇಸ್ತ್ರಿ ಆಗ್ಲಿ. ಕಾಣಿಕೆ ತಟ್ಟೆ ಅಂತೂ ಶನಿವಾರ ಬರಲ್ಲ, ಯಾಕಂದ್ರೆ ಆವತ್ತು ದುಡ್ಡು ಮುಟ್ಟಂಗಿಲ್ಲ. ಇಷ್ಟು ಕೊಡ್ತೀನಿ ಅಂತ ಬಾಯಲ್ಲಿ ಹೇಳಿ ಆಮೇಲೆ ಕೊಡೋದು.

ವಾಡಿಯೊಳಗೆ ನಮ್ಮದು ಒಂದೇ ಮನೆ. ಶುಕ್ರವಾರ ಮಧ್ಯಾಹ್ನದಿಂದ ಅವ್ವ ಗಡಿಬಿಡಿ, ಶನಿವಾರದ ಅಡುಗೆನೂ ಆವತ್ತೇ ಮುಗಿಸ್ಬೇಕು, ಆಮೇಲೆ ಒಲೆ ಹಚ್ಚಂಗಿಲ್ಲ. ಹೊತ್ತು ಮುಳುಗೋಕೆ 18 ನಿಮಿಷ ಮುಂಚೆ ದೀಪ. ಮೇಣದ ಬತ್ತಿ ಅಲ್ಲ, ಗಾಜಿನ ಲೋಟದಲ್ಲಿ ನೀರು ಹಾಕಿ ಮೇಲೆ ಎಣ್ಣೆ ಬಿಟ್ಟು ಬತ್ತಿ ಇಡೋದು, ಹಚ್ಚಿದ ಮೇಲೆ ಅವ್ವ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಏನೋ ಹೇಳ್ಕೊಳ್ತಿದ್ಲು, ಆ ಬೆರಳ ಸಂದಿಯಿಂದ ನಮ್ಮನ್ನ ನೋಡ್ತಿದ್ಲು ಅಂತ ನಂಗೆ ಈಗ್ಲೂ ಡೌಟಿದೆ. ದ್ರಾಕ್ಷಾರಸ ಎಲ್ಲಿಂದ ಬರ್ಬೇಕು ವಾಡಿಗೆ? ಒಣದ್ರಾಕ್ಷಿ ನೀರಾಗ ನೆನೆಸಿ ಕಿವುಚಿ ಸೋಸಿದ ಶರಬತ್ತು, ಅದ್ರ ಮೇಲೇ ಅಪ್ಪ ಕಿದ್ದೂಶ್, ಅಂದ್ರೆ ಸಬ್ಬತ್ತಿನ ಆಶೀರ್ವಾದದ ಮಂತ್ರ, ಹೇಳೋರು. ಎರಡು ರೊಟ್ಟಿ ಬಟ್ಟೆ ಮುಚ್ಚಿ ಇಡ್ಬೇಕು, ನಮ್ಮನೇಲಿ ಚಪಾತಿ. ಶನಿವಾರ ರಾತ್ರಿ ಆಕಾಶದಲ್ಲಿ ಮೂರು ಚುಕ್ಕಿ ಕಂಡ್ರೆ ಸಬ್ಬತ್ ಮುಗೀತು. ಚುಕ್ಕಿ ಹುಡ್ಕೋದು ನಮ್ಮ ಕೆಲಸ. ಸಿಮೆಂಟ್ ಧೂಳು ಬಾಳ ಇದ್ದ ದಿವ್ಸ ಚುಕ್ಕಿ ಕಾಣ್ತಿರ್ಲಿಲ್ಲ, ಅಪ್ಪ ಗಡಿಯಾರ ನೋಡಿ ಲವಂಗದ ಡಬ್ಬಿ ತೆಗೆಯೋರು, ಅದನ್ನ ಎಲ್ಲರೂ ಮೂಸ್ಬೇಕು, ಹೋಗೋ ದಿನದ ಘಮ ಅಂತ.

ಈಗ ಹತ್ತು ಮಂದಿ ವಿಷಯ. ಅಜ್ಜ ತೀರ್ಕೊಂಡಾಗ ಅಪ್ಪ ಕದ್ದೀಶ್ ಹೇಳ್ಬೇಕು, ಅದು 11 ತಿಂಗಳು ಹೇಳೋದು. ವಾಡಿಯೊಳಗೆ ಹತ್ತು ಮಂದಿ ಎಲ್ಲಿ? ಪಾಸ್ ಇತ್ತಲ್ಲ, ರಜಾ ಸಿಕ್ಕಾಗೆಲ್ಲ ಪುಣೆಗೋ ಠಾಣೆಗೋ ಹೋಗಿ ಎರಡು ನಿಮಿಷದ ಕದ್ದೀಶ್ ಹೇಳಿ ಬರೋರು. ಆ ಮಂತ್ರದಲ್ಲಿ ಸಾವಿನ ಮಾತೇ ಇಲ್ಲ ಗೊತ್ತಾ, ಬರೀ ದೇವರ ಹೆಸರು ದೊಡ್ಡದಾಗ್ಲಿ ಅಂತ. ಮಿಕ್ಕವರು "ಆಮೇನ್" ಅನ್ಬೇಕು, ಅದಕ್ಕೇ ಮಂದಿ ಬೇಕು. ಒಂದ್ಸಲ ರಜೆಗೆ ಅಪ್ಪನ ಊರಿಗೆ ನಾವೂ ಹೋಗಿದ್ವಿ, ಕೆಳಗೆ ಒಂಬತ್ತೇ ಜನ. ಮೇಲಿನ ಗ್ಯಾಲರಿಯಲ್ಲಿ ಅವ್ವ, ಅಕ್ಕ, ನಾನು, ಚಿಕ್ಕಮ್ಮ ನಾಲ್ಕು ಮಂದಿ ಕೂತಿದ್ದೀವಿ, ಆದ್ರೆ ಲೆಕ್ಕಕ್ಕೆ ಇಲ್ಲ. ಹೊರದೇಶದ ಕೆಲವು ಸಿನಗಾಗ್‌ಗಳಲ್ಲಿ ಹೆಂಗಸರನ್ನೂ ಸೇರಿಸ್ತಾರೆ, ನಮ್ಮಲ್ಲಿ ಇಲ್ಲ. ಒಂದು ಗಂಟೆ ಕಾದ್ರು. ಅಪ್ಪ ಬಾಗಿಲ ಹತ್ರ ನಿಂತು ರೋಡ್ ನೋಡ್ತಿದ್ದ ಬೆನ್ನು ನಂಗೆ ಇನ್ನೂ ಕಣ್ಣಲ್ಲಿದೆ. ಕೊನೆಗೆ ಯಾರೂ ಬರ್ಲಿಲ್ಲ. ಸುರುಳಿ ಪೆಟ್ಟಿಗೆಯಿಂದ ಹೊರಗೆ ಬರ್ಲಿಲ್ಲ, ನಾವು ಊಟ ಮಾಡಿ ಬಂದ್ವಿ.

ಅಂದಹಾಗೆ ಸಿನಗಾಗ್ ಒಳಗೆ ಮಂದಿನ ಒಂದು ಎರಡು ಅಂತ ಎಣಿಸೋ ಪದ್ಧತಿ ಇಲ್ಲ, ತಲೆ ಎಣಿಸಬಾರದು ಅಂತಾರೆ. ಹತ್ತು ಶಬ್ದ ಇರೋ ಒಂದು ಕೀರ್ತನೆ ವಚನ ಇದೆ, ಒಬ್ಬೊಬ್ಬರ ಕಡೆ ನೋಡಿ ಒಂದೊಂದು ಶಬ್ದ ಹೇಳ್ತಾರೆ, ವಚನ ಪೂರ್ತಿ ಆದ್ರೆ ಮಂದಿ ಪೂರ್ತಿ. ನಿಮ್ಮ ಸರ್ ಫೋನಲ್ಲಿ ಸಾತ್ ಆಠ್ ಅಂತಾರೆ ಅಂದ್ರೆ ನಗು ಬಂತು, ಮಾಳಿಗೆ ಮೇಲೆ ಎಲ್ಲ ನಡೆಯುತ್ತೆ ಪಾಪ.

ತೊಗರಿ_ಕಣಜ (ಕಲಬುರಗಿ)

ಅಕ್ಕಾರೆ ನಿಮ್ಮದು ಓದಿ ಅವ್ವಗೂ ಓದಿ ಹೇಳ್ದೆ. ಬ್ಯಾಗ್ ತುಂಬಿ ಇಟ್ಟು ಮತ್ತ ಒಳಗ ಒಯ್ಯೋದು ಯಾಕಂತ ಈಗ ತಿಳೀತು. ಅವ್ವ ಸುಮ್ನ ಕುಂತ್ಲು, ಆಮ್ಯಾಲ "ಚೀಟಿ ಅಂದೆನಲ್ಲೋ" ಅಂದ್ಲು.

ಅಂದ್ರ ಅಲ್ಲಿ ಒಂಬತ್ತು ಮಂದಿ ಇದ್ರ ನಾ ಹತ್ತನೇಂವ ಆಗಿ ಕುಂದ್ರಲಾಕ ಬರ್ತದೇನ್ರಿ? ಮತ್ತ ಒಳಗ ಏನೇನ್ ಮಾಡ್ತಾರ ಅದೂ ಹೇಳ್ರಿ.

ವಾಡಿ_ಜಂಕ್ಷನ್

ಇಲ್ಲ ತಮ್ಮಾ, ನೀವು ಲೆಕ್ಕಕ್ಕೆ ಬರಲ್ಲ, ನನ್ನಂಗೇ 🙂 ಆದ್ರೆ ಕೂತ್ಕೊಬಹುದು, ಸಂತೋಷ ಪಡ್ತಾರೆ.

ಒಳಗೆ ಹೋದ್ರೆ ಜೆರುಸಲೇಮ್ ದಿಕ್ಕಿಗೆ ಪೆಟ್ಟಿಗೆ, ನಮ್ಮ ದೇಶದಲ್ಲಿ ಅದು ಪಶ್ಚಿಮದ ಗೋಡೆ. ಅದ್ರ ಮುಂದೆ ಆರದ ದೀಪ. ನಡುವೆ ಕಟಾಂಜನ ಹಾಕಿದ ಕಟ್ಟೆ, ಅಲ್ಲಿ ನಿಂತು ಓದ್ತಾರೆ. ಮೂರ್ತಿ, ಫೋಟೋ ಏನೂ ಇರಲ್ಲ. ಶನಿವಾರ ಪೆಟ್ಟಿಗೆ ತೆಗೆದ್ರೆ ಎಲ್ಲರೂ ಎದ್ದು ನಿಲ್ತಾರೆ, ನೀವೂ ನಿಲ್ರಿ. ಸುರುಳಿ ತೊಗಲಿನ ಮೇಲೆ ಕೈಯಿಂದ ಬರೆದದ್ದು, ಒಟ್ಟು 3,04,805 ಅಕ್ಷರ, ಒಂದು ಅಕ್ಷರ ಅಳಿಸಿದ್ರೂ ತಿದ್ದೋ ತನಕ ಓದಂಗಿಲ್ಲ. ಬೆರಳು ತಾಗಿಸಲ್ಲ, ತುದಿಗೆ ಸಣ್ಣ ಕೈ ಇರೋ ಬೆಳ್ಳಿ ಕಡ್ಡಿ ಹಿಡಿದು ಓದೋದು. ಇಡೀ ತೋರಾನ 54 ಪಾಲು ಮಾಡಿದ್ದಾರೆ, ವಾರಕ್ಕೊಂದು, ವರ್ಷಕ್ಕೆ ಮುಗಿದು ಅದೇ ದಿನ ಮತ್ತೆ ಮೊದಲ್ನೇ ಸಾಲಿಂದ ಶುರು. ಶನಿವಾರ ಏಳು ಮಂದಿನ ಹೆಸರು ಹಿಡಿದು ಕಟ್ಟೆ ಮೇಲೆ ಕರೀತಾರೆ. ಹತ್ತು ಮಂದಿ ಊರಲ್ಲಿ ಏಳು ಮಂದಿ ಅಲ್ಲೇ ಖರ್ಚು, ಕೇಳೋಕೆ ಮೂರೇ ಜನ ಅಂತ ಅಪ್ಪ ಚೇಷ್ಟೆ ಮಾಡೋರು.

ನೀವು ತಲೆ ಮೇಲೆ ಟೊಪ್ಪಿಗೆ ಇಲ್ಲ ಕರ್ಚೀಫ್ ಹಾಕ್ಕೊಳ್ಳಿ, ಅವ್ವ ಸೆರಗು ಹೊದ್ಕೊಳ್ಳಲಿ, ಅವರಿಗೆ ಹೆಂಗಸರ ಕಡೆ ಜಾಗ ತೋರಿಸ್ತಾರೆ. ಚಪ್ಪಲಿ ಬಿಡೋದು ಊರಿಂದ ಊರಿಗೆ ಬೇರೆ, ಬಾಗಿಲಲ್ಲಿ ನೋಡಿ ಮಾಡ್ರಿ. ಮೊಬೈಲ್ ಬಂದ್, ಫೋಟೋ ಅಂತೂ ಶನಿವಾರ ಬೇಡವೇ ಬೇಡ. ಒಂದು ಮಾತು, ಎಲ್ಲರೂ ನಿಮ್ಮ ಸರ್ ಅಷ್ಟು ಕಟ್ಟುನಿಟ್ಟು ಇರಲ್ಲ, ಸಬ್ಬತ್ ದಿನ ಆಟೋದಲ್ಲಿ ಬಂದು ಇಳಿಯೋರೂ ಇರ್ತಾರೆ, ಅದನ್ನ ನೋಡಿ ಸರ್‌ಗೆ ಪ್ರಶ್ನೆ ಹಾಕ್ಬೇಡ್ರಿ ಮತ್ತೆ.

ಮಲೀದಾ ಅಂದ್ರೆ ಭಾರತದ ನಮ್ಮ ಮಂದಿಗೇ ವಿಶೇಷ. ಅವಲಕ್ಕಿ ನೆನೆಸಿ ಸಕ್ಕರೆ, ಕೊಬ್ಬರಿ ತುರಿ, ಏಲಕ್ಕಿ, ದ್ರಾಕ್ಷಿ ಹಾಕಿ ಕಲಸಿ, ದೊಡ್ಡ ತಟ್ಟೆಯಲ್ಲಿ ಗುಡ್ಡೆ ಮಾಡಿ ಸುತ್ತ ಹಣ್ಣು ಇಟ್ಟು ಪ್ರವಾದಿ ಏಲಿಯನ ಹೆಸರಲ್ಲಿ ಹಾಡ್ತಾರೆ. ಹರಕೆ, ಮದುವೆ, ಹೊಸ ಮನೆ, ಎಲ್ಲದಕ್ಕೂ. ಅಲಿಬಾಗ್ ಹತ್ರ ಖಂಡಾಲಾ ಅಂತ ಹಳ್ಳಿ ಇದೆ, ಘಾಟಿನ ಖಂಡಾಲಾ ಅಲ್ಲ, ಅಲ್ಲಿ ಬಂಡೆ ಮೇಲೆ ಏಲಿಯನ ರಥದ ಗುರುತು ಇದೆ ಅಂತ ನಂಬಿಕೆ. ಆಯ್ತಾರ ಕರ್ಕೊಂಡು ಹೋಗ್ತಾರೆ ನೋಡ್ರಿ.

ಹಫ್ತ್_ಗುಂಬಜ್

ಮಲೀದಾ ಹೆಸರು ಕೇಳಿ ನಿಂತೆ ನೋಡ್ರಿ, ನಮ್ಮಲ್ಲಿ ಫಾತಿಹಾಕ್ಕ ಮಲೀದಾ ಮಾಡ್ತೀವಿ, ರೊಟ್ಟಿ ಪುಡಿ ಮಾಡಿ ಬೆಲ್ಲ ತುಪ್ಪ ಹಾಕಿ. ಹೆಸರು ಒಂದೇ, ಸಾಮಾನು ಬ್ಯಾರೆ.

ಹೋಳಿಗಿ ಬ್ಯಾಡ್ರಿ ತೊಗರಿ ಕಣಜದವ್ರೆ. ಅವ್ರದು ಊಟದ ಕಟ್ಟು ನಮ್ಮ ಹಲಾಲ್‌ಗಿಂತ ಬಿಗಿ ಅದ, ಮಾಂಸದ ಜೋಡಿ ಹಾಲು, ಮೊಸರು, ತುಪ್ಪ ಕೂಡಂಗಿಲ್ಲ. ನಿಮ್ಮ ಹೋಳಿಗಿ ಮ್ಯಾಲ ತುಪ್ಪ ಇರ್ತದ, ಅವ್ರ ಊಟದಾಗ ಮಟನ್ ಇದ್ರ ಅದನ್ನ ಬಾಜೂಕ ಇಡ್ಬೇಕಾಗ್ತದ, ಅವ್ವಾರಿಗಿ ಬ್ಯಾಸರ. ಮಟನ್‌ಕ್ಕ ಮೊಸರಿನ ಬದಲಿ ಟೆಂಗಿನ ಹಾಲು ಹಾಕ್ತಾರ ಅವ್ರು. ಹಣ್ಣು, ಖರ್ಜೂರ, ಟೆಂಗಿನಕಾಯಿ ಒಯ್ರಿ, ಮಲೀದಾಕ್ಕೂ ಬರ್ತದ.

ಇನ್ನೊಂದು ಕಥಿ ಕೇಳ್ರಿ, ನಮ್ಮ ರಾಜ್ಯದ್ದೇ. ಮುಂಬೈದಾಗ ಅವ್ರ ಮೊದಲನೇ ಸಿನಗಾಗ್ 1796ರಾಗ ಕಟ್ಟಿದ್ದು ಸಾಮ್ಯುಯೆಲ್ ದಿವೇಕರ್ ಅಂತ ಕಂಪನಿ ಫೌಜಿನವ್ರು. ಟಿಪ್ಪು ಕೈಯಾಗ ಸೆರಿ ಸಿಕ್ಕಿದ್ರಂತ, ನೀವ್ಯಾರು ಅಂದ್ರ ಬನೀ ಇಸ್ರಾಯೀಲ್ ಅಂದ್ರಂತ, ಕುರಾನಿನಾಗ ಬರೋ ಮಂದಿ ಇವ್ರು ಅಂತ ಟಿಪ್ಪು ತಾಯಿ ಹೇಳಿ ಜೀವ ಉಳಿಸಿದ್ಲಂತ. ಬಿಡುಗಡಿ ಆದ್ರ ಗುಡಿ ಕಟ್ತೀನಂತ ಹರಕಿ ಹೊತ್ತಿದ್ರಂತ. ಕಥಿ ಅಂತ ಹೇಳ್ತೀನಿ, ಗುಡಿ ಮಾತ್ರ ಇವತ್ತೂ ಅದ, ಮಸ್ಜಿದ್ ಸ್ಟೇಷನ್ ಹತ್ರ. ಆ ಸ್ಟೇಷನ್‌ಗೆ ಹೆಸರು ಬಂದಿದ್ದೇ ಅದರಿಂದ ಅಂತಾರ, ಊರ ಮಂದಿ ಅದಕ್ಕ ಮಶೀದ್ ಅಂತಿದ್ರು.

ಆಳಂದ_ಟು_ಠಾಣೆ

ಹಣ್ಣು ಇಲ್ಲೂ ಸಿಗ್ತಾವ. ಕಲಬುರಗಿದಿಂದ ಬರ್ಲತ್ತೀರಿ, ತೊಗರಿಬ್ಯಾಳಿ ತರ್ರಿ! ಹಸೀದು ಇದ್ರ ಅವ್ರೇ ಅವ್ರ ಗಡಿಗ್ಯಾಗ ಬೇಯಿಸ್ಕೋತಾರ, ಯಾವ ತಕರಾರೂ ಇಲ್ಲ. 2019ರಾಗ ಜಿಐ ಟ್ಯಾಗ್ ಬಂದ ಬ್ಯಾಳಿ, ಇಲ್ಲಿ ಅಂಗಡಿದಾಗ ಕಲಬುರಗಿದು ಅಂತ ಏನೇನೋ ಮಾರ್ತಾರ, ನಂಗೂ ಐದು ಕೆಜಿ ಹಿಡ್ಕೊಂಡು ಬರ್ರಿ ರೊಕ್ಕ ಕೊಡ್ತೀನಿ. ಶುಕ್ರವಾರ ಹೊತ್ತು ಮುಳುಗೋದ್ರೊಳಗ ಅವ್ರ ಕೈಗಿ ಕೊಡ್ರಿ ಇಲ್ಲಂದ್ರ ಆಯ್ತಾರ, ಶನಿವಾರ ಚೀಲ ಹೊತ್ಕೊಂಡು ಗುಡಿಗಿ ಹೋಗಬ್ಯಾಡ್ರಿ.

ತೊಗರಿ_ಕಣಜ (ಕಲಬುರಗಿ)

ಎಲ್ಲಾರಿಗೂ ಥ್ಯಾಂಕ್ಸ್. ಮುಂದಿನ ಗುರುವಾರ ರಾತ್ರಿ ಗಾಡಿಗಿ ಟಿಕೆಟ್ ಮಾಡ್ಸೀನಿ, ನಂದು ಅವ್ವಂದು. ಮೋಟರ್‌ಗೆ ತಾನೇ ಚಾಲೂ ಬಂದ್ ಆಗೋದು ಒಂದು ಕೂಡಿಸ್ದೆ, ಶನಿವಾರದ ಜಗಳ ಮುಗೀತು. ಅಕ್ಕಾರಿಗಿ ಅವ್ವ ಬ್ಯಾಳಿ ವಿಷಯ ಹೇಳಿದ್ಲು, ಅವ್ರು "ಹುಳ ಇರಬಾರ್ದು ಆಜಿ, ನಾವು ಒಂದೊಂದು ನೋಡಿ ತಗೋತೀವಿ" ಅಂದಾರ. ಅವ್ವಗ ಅದು ಚಾಲೆಂಜ್ ಕೊಟ್ಟಂಗಾತು, ಮೂರು ದಿನದಿಂದ ಚಷ್ಮಾ ಹಾಕ್ಕೊಂಡು ಮೊರದಾಗ ಬ್ಯಾಳಿ ಹರವಿ ಆರಿಸ್ಲತ್ತಾಳ, ಮನಿ ತುಂಬ ತೌಡು. ಆಳಂದದ ಅಣ್ಣಾರ ಐದು ಕೆಜಿ ಆರಿಸಂಗಿಲ್ಲಂತ, ನೀವೇ ಆರಿಸ್ಕೋರಿ.

ನಿನ್ನೆ ಗುರುವಾರ ಸರ್ ಮತ್ತ ಮಾಳಿಗಿ ಮ್ಯಾಲ ಫೋನ್ ಹಚ್ಚಿದ್ರು, ಮುಂದಿನ ವಾರದ ಸಲುವಾಗಿ. ನಾವು ಕೆಳಗ ಅಂಗಳದಾಗ ಟಿವಿ ಆವಾಜ್ ಕಡಿಮಿ ಮಾಡಿ ಕುಂತಿದ್ವಿ. "ನಊ ಝಾಲೆ" ಅಂದ ಮ್ಯಾಲ ಭಾಳ ಹೊತ್ತು ಏನೂ ಕೇಳಲಿಲ್ಲ. ಅವ್ವಗ ತಡಿಲಾಕಾಗ್ದ ಜೀನಾದ ಬುಡಕ ನಿಂತು "ಹತ್ತು ಆದ್ವೇನಪಾ?" ಅಂತ ಒದರೇ ಬಿಟ್ಲು, ನಂಗ ಎಲ್ಲಿ ಮುಖ ಇಟ್ಕೊಳ್ಳಿ ಅನಿಸ್ತು. ಸರ್ ಮ್ಯಾಲಿಂದ ಬಗ್ಗಿ ನೋಡಿ, ಸಿಟ್ಟಿಗೇನೂ ಏಳಲಿಲ್ಲ, ಹತ್ತನೇದವ್ರು ಪನವೇಲ್‌ದಾಗ ಅದಾರಂತ, ಮೊಣಕಾಲು ನೋವಂತ, ವಿಚಾರ ಮಾಡಿ ಆಯ್ತಾರ ಹೇಳ್ತೀನಿ ಅಂದಾರಂತ. ಮೊಣಕಾಲಿಗಿ ಹಚ್ಚೋ ಎಣ್ಣಿ ಒಂದು ಬಾಟ್ಲಿ ಅವ್ರ ಸಲುವಾಗಿ ಚೀಲದಾಗ ಇಟ್ಟಾಳ ನಮ್ಮವ್ವ.